ಅರಸರು ಕೊಟ್ಟ ಬಿರುದು, ಜನರು ಉಳಿಸಿದ ಹೆಸರು

ಭಾರತದ ಸಂಸ್ಥಾನಗಳ ಅರಸರು ಅಧಿಕಾರಿಗಳಿಗೆ, ವಿದ್ವಾಂಸರಿಗೆ, ಕಲಾವಿದರಿಗೆ ಬಿರುದು ನೀಡಿ ಗೌರವಿಸುತ್ತಿದ್ದುದು ಇತಿಹಾಸದ ಒಂದು ಸ್ವಾರಸ್ಯಕರ ಅಧ್ಯಾಯ. ನಮ್ಮ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1948ರವರೆಗೆ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಈ ಪದ್ಧತಿ ಬಹಳ ಕ್ರಮಬದ್ಧವಾಗಿತ್ತು.

ನಿಜಾಮರ ಬಿರುದುಗಳು ಮೆಟ್ಟಿಲುಗಳಂತಿದ್ದವು. ಖಾನ್ ಬಹಾದುರ್, ಅದರ ಮೇಲೆ ಜಂಗ್, ನಂತರ ದೌಲಾ, ಮುಲ್ಕ್, ಉಮರಾ, ಎಲ್ಲಕ್ಕಿಂತ ಮೇಲೆ ಜಾಹ್. ಹಿಂದೂ ಅಧಿಕಾರಿಗಳಿಗೆ ರಾಜಾ, ರಾಜಾ ಬಹಾದುರ್ ಮುಂತಾದವು ಸಲ್ಲುತ್ತಿದ್ದವು. 1901ರಿಂದ 1912ರವರೆಗೆ ಪ್ರಧಾನಿಯಾಗಿದ್ದ ಮಹಾರಾಜ ಕಿಶನ್ ಪ್ರಸಾದರು 'ಯಮೀನ್-ಉಸ್-ಸಲ್ತನತ್', ಅಂದರೆ ರಾಜ್ಯದ ಬಲಗೈ ಎನಿಸಿಕೊಂಡರು.

ಅಲೀಗಢದ ಚರಿತ್ರೆ ಓದಿದವರಿಗೆ ಮೊಹ್ಸಿನ್-ಉಲ್-ಮುಲ್ಕ್, ವಿಖಾರ್-ಉಲ್-ಮುಲ್ಕ್ ಎಂಬ ಹೆಸರುಗಳು ಪರಿಚಿತ. ಆದರೆ ಇವು ಹೆಸರುಗಳಲ್ಲ, ಹೈದರಾಬಾದಿನಲ್ಲಿ ದೊರೆತ ಬಿರುದುಗಳು ಎಂಬುದು ಅನೇಕರಿಗೆ ತಿಳಿಯದು. ಮೊದಲನೆಯವರು ಇಟಾವಾದಲ್ಲಿ 1837ರಲ್ಲಿ ಜನಿಸಿದ ಸೈಯದ್ ಮೆಹ್ದಿ ಅಲಿ. ಎರಡನೆಯವರು ಮುಷ್ತಾಖ್ ಹುಸೇನ್. ಕಲೆಕ್ಟರ್ ಕಚೇರಿಯ ಗುಮಾಸ್ತರಾಗಿ ಬದುಕು ಆರಂಭಿಸಿದ ಮೆಹ್ದಿ ಅಲಿಯವರು, ಪ್ರಧಾನಿ ಸಾಲಾರ್ ಜಂಗರ ಕಾಲದಲ್ಲಿ ಹೈದರಾಬಾದಿಗೆ ಬಂದು ಕಂದಾಯ ಆಡಳಿತವನ್ನು ಸುಧಾರಿಸಿದರು. 'ರಾಜ್ಯದ ಉಪಕಾರಿ' ಎಂಬ ಅರ್ಥದ ಬಿರುದು ಬಂತು.

1893ರಲ್ಲಿ ಅವರು ಹೈದರಾಬಾದ್ ಬಿಟ್ಟರು. ದರ್ಬಾರಿನ ವೈಭವ ಅಲ್ಲಿಗೇ ಮುಗಿಯಿತು. ಸರ್ ಸೈಯದರು 1898ರಲ್ಲಿ ತೀರಿಕೊಂಡಾಗ ಅಲೀಗಢ ಕಾಲೇಜು ಹಣಕಾಸಿನ ಸಂಕಷ್ಟದಲ್ಲಿತ್ತು. 1899ರಲ್ಲಿ ಕಾರ್ಯದರ್ಶಿಯಾದ ಮೊಹ್ಸಿನ್-ಉಲ್-ಮುಲ್ಕರು ಸಮುದಾಯದ ಮುಂದೆ ಕೈಯೊಡ್ಡಿ ಚಂದಾ ಎತ್ತಿ ಅದನ್ನು ಉಳಿಸಿದರು. 1907ರಲ್ಲಿ ಅವರು ನಿಧನರಾದ ಮೇಲೆ ವಿಖಾರ್-ಉಲ್-ಮುಲ್ಕರು ಆ ಹೊಣೆ ಹೊತ್ತರು. 1920ರಲ್ಲಿ ಆ ಕಾಲೇಜು ವಿಶ್ವವಿದ್ಯಾನಿಲಯವಾಯಿತು. ಇಂದು ಅಲ್ಲಿನ ಎರಡು ವಿದ್ಯಾರ್ಥಿನಿಲಯಗಳು ಇವರಿಬ್ಬರ ಬಿರುದುಗಳನ್ನೇ ಹೊತ್ತಿವೆ.

ಮೈಸೂರಿನಲ್ಲೂ ಈ ಸಂಪ್ರದಾಯವಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬಿ.ಎಂ. ಶ್ರೀಕಂಠಯ್ಯನವರು 'ರಾಜಸೇವಾಸಕ್ತ'ರಾದರು, ವೀಣೆ ಶೇಷಣ್ಣನವರು 'ವೈಣಿಕ ಶಿಖಾಮಣಿ'ಯಾದರು. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರಿಗೆ 'ಅಮೀನ್-ಉಲ್-ಮುಲ್ಕ್' ಎಂಬ ಬಿರುದಿತ್ತು. ಅಮೀನ್ ಎಂದರೆ ನಂಬಿಕೆಗೆ ಅರ್ಹನಾದವನು. ಹಿಂದೂ ಅರಸರೊಬ್ಬರು ತಮ್ಮ ಮುಸ್ಲಿಂ ದಿವಾನರನ್ನು ಅವರದೇ ಪರಂಪರೆಯ ಪದದಿಂದ ಗೌರವಿಸಿದ್ದು ಗಮನಾರ್ಹ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದುಪಡಿಸಿತು. ಸೇನೆಯ ಮತ್ತು ವಿದ್ಯೆಯ ಗೌರವಗಳಿಗೆ ಮಾತ್ರ ವಿನಾಯಿತಿ. ಭಾರತರತ್ನ, ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವನ್ನು ಹೆಸರಿನೊಡನೆ ಬಳಸಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಸ್ಪಷ್ಟಪಡಿಸಿತು.

ನಿಜಾಮರಿಂದ ಬಿರುದು ಪಡೆದವರು ನೂರಾರು ಮಂದಿ. ಅವರಲ್ಲಿ ಬಹುಪಾಲು ಜನರನ್ನು ಇಂದು ಯಾರೂ ನೆನೆಯುವುದಿಲ್ಲ. ಬಿರುದನ್ನು ಅರಸ ಕೊಡಬಲ್ಲ, ಅದಕ್ಕೆ ಅರ್ಥ ತುಂಬಬೇಕಾದವರು ಪಡೆದವರೇ. ವಿದ್ಯೆಗಾಗಿ ದುಡಿದವರ ಬಿರುದು ಮಾತ್ರ ಜನರ ನಾಲಿಗೆಯಲ್ಲಿ ಹೆಸರಾಗಿ ಉಳಿಯಿತು. ನಮ್ಮ ವಿದ್ಯಾರ್ಥಿಗಳು ಮನನ ಮಾಡಬೇಕಾದ ಪಾಠವಿದು.