ಹೊಕ್ಕುಳಬಳ್ಳಿ ಕೊಯ್ದ ಕೈ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಉತ್ತರ ಭಾರತದ ಬಾಣಂತಿಯರು, ಹಸುಗೂಸುಗಳು ಯಾಕೆ ಸಾಯುತ್ತಿದ್ದಾರೆ ಅಂತ ಹುಡುಕಿದವರೆಲ್ಲ ಕೊನೆಗೆ ಬೆರಳು ತೋರಿಸಿದ್ದು ದಾಯಿಯ ಕಡೆಗೆ. ನಮ್ಮ ಮಾತಲ್ಲಿ ಸೂಲಗಿತ್ತಿ. 1885ರ ಲೇಡಿ ಡಫರಿನ್ ನಿಧಿ ಹೆಣ್ಣುಮಕ್ಕಳಿಗೆ ಲೇಡಿ ಡಾಕ್ಟರುಗಳನ್ನೂ ಆಸ್ಪತ್ರೆಗಳನ್ನೂ ಕೊಡಲು ಹೊರಟಿತು. ಹೆರಿಗೆಗಳೋ ಬಹುಪಾಲು ಮನೆಯಲ್ಲೇ ಆಗುತ್ತಿದ್ದವು. ಅದಕ್ಕೇ 1903ರಲ್ಲಿ ಲೇಡಿ ಕರ್ಜನ್ ವಿಕ್ಟೋರಿಯಾ ರಾಣಿಯ ಹೆಸರಿನ ನಿಧಿ ಕಟ್ಟಿ ದಾಯಿಯರಿಗೆ ತರಬೇತಿ ಕೊಡಿಸಲು ಮುಂದಾದರು. 1927ರಲ್ಲಿ ಕ್ಯಾಥರೀನ್ ಮೇಯೋಳ ‘ಮದರ್ ಇಂಡಿಯಾ’ ಇದೇ ದಾಯಿಯನ್ನು ರಾಕ್ಷಸಿಯ ಹಾಗೆ ಚಿತ್ರಿಸಿತು.

ತರಗತಿಯಲ್ಲಿ ಈ ಇತಿಹಾಸ ಹೇಳುವಾಗೆಲ್ಲ ನನ್ನನ್ನು ಕಾಡುವುದು ಒಂದೇ ಪ್ರಶ್ನೆ: ಆ ಕೊಳೆ ಯಾರ ಮನೆಯದು? ಹೆರಿಗೆ ಅಂದ್ರೆ ಮೈಲಿಗೆ. ಹಾಗಾಗಿ ಸವರ್ಣರು ತಮ್ಮ ಮನೆಯ ಬಸುರಿಯನ್ನೇ ಗಾಳಿಬೆಳಕಿಲ್ಲದ ಮೂಲೆಗೆ ನೂಕುತ್ತಿದ್ದರು. ಹೇಗೂ ಎಸೆಯೋದೇ ಅಂತ ಇದ್ದುದರಲ್ಲೇ ಹರಕು ಚಿಂದಿ ಕೊಡುತ್ತಿದ್ದರು. ಬಳ್ಳಿ ಕೊಯ್ಯುವುದು, ಮಾಸು ಹೂಳುವುದು, ನೆತ್ತರ ಬಟ್ಟೆ ಒಗೆಯುವುದು ಮನೆಯ ಹೆಂಗಸರು ಮುಟ್ಟದ ಕೆಲಸ. ಅದಕ್ಕೆ ಚಮಾರರ ಕೇರಿಯಿಂದ ಹೆಣ್ಣು ಬರಬೇಕು. ಹಿಂದಿ ಸೀಮೆಯ ಪೂರ್ವಭಾಗದಲ್ಲಿ ಸೂಲಗಿತ್ತಿಗೆ ‘ಚಮಾಯಿನ್’ ಅಂತಲೇ ಹೆಸರು. ಕಸುಬೂ ಜಾತಿಯೂ ಒಂದೇ ಪದ!

ಮಣ್ಣು ಸಗಣಿಯಲ್ಲಿರುವ ಧನುರ್ವಾಯುವಿನ ರೋಗಾಣು ಹೊಕ್ಕುಳ ಗಾಯದಿಂದ ಒಳಹೊಕ್ಕರೆ ಕೆಲವೇ ದಿನಗಳಲ್ಲಿ ಕೂಸು ದವಡೆ ಕಚ್ಚಿಕೊಳ್ಳುತ್ತದೆ, ಮೊಲೆ ಹಿಡಿಯುವುದಿಲ್ಲ, ಮೈ ಸೆಟೆದು ಸಾಯುತ್ತದೆ. ಕುದಿಸದ ಕುಡುಗೋಲು, ಕೊಳಕು ಚಿಂದಿ, ಗಾಯಕ್ಕೆ ಮೆತ್ತಿದ ಸಗಣಿ ಇವೇ ಅದರ ದಾರಿ. ದಾಯಿಯ ಕೈಯಲ್ಲಿ ಕೂಸುಗಳು ಸತ್ತಿವೆ, ಅದನ್ನು ನಾವು ಮುಚ್ಚಿಡಬೇಕಿಲ್ಲ. ಆದರೆ ಆ ಮನೆಯಲ್ಲಿ ಬಿಸಿನೀರು ಕೊಡಿ, ಒಗೆದ ಬಟ್ಟೆ ಕೊಡಿ ಅಂತ ಕೇಳುವ ಬಾಯಿ ಅವಳಿಗೆಲ್ಲಿತ್ತು? ಆಸ್ಪತ್ರೆಯ ಕೈಗಳೇನು ಹುಟ್ಟಾ ಶುಭ್ರವೆ? ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರುಗಳ ವಾರ್ಡಿನಲ್ಲಿ ಸೂಲಗಿತ್ತಿಯರ ವಾರ್ಡಿಗಿಂತ ಹೆಚ್ಚು ಬಾಣಂತಿಯರು ಸಾಯುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸುವುದರಿಂದ ನಂಜು ತಗಲುತ್ತಿದೆ ಅಂತ 1847ರಲ್ಲಿ ಸೆಮ್ಮೆಲ್‌ವೈಸ್ ಕಂಡುಕೊಂಡ. ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಸಿದ ಮೇಲೆ ಸಾವು ಇಳಿಯಿತು. ಆ ಕೊಳೆಯನ್ನು ಯಾರೂ ಡಾಕ್ಟರುಗಳ ಕುಲದ ಗುಣ ಅನ್ನಲಿಲ್ಲ.

ನಮ್ಮ ವೈದ್ಯಕೀಯ ಚರಿತ್ರೆಗಳಲ್ಲಿ ಸಾಮಾನ್ಯವಾಗಿ ಜಾಗ ಸಿಗದ ಇನ್ನೊಂದು ಸಂಗತಿ ಇದೆ. 1950ರ ದಶಕದಿಂದ ಉತ್ತರ ಪ್ರದೇಶದ ದಲಿತರು ‘ನಾರಾ-ಮವೇಶಿ’ ಚಳವಳಿ ಹೂಡಿದರು. ನಾರಾ ಅಂದರೆ ಹೊಕ್ಕುಳಬಳ್ಳಿ, ಮವೇಶಿ ಅಂದರೆ ದನ. ಹೆಂಗಸರು ಬಳ್ಳಿ ಕೊಯ್ಯಲ್ಲ ಅಂದರು, ಗಂಡಸರು ಸತ್ತ ದನ ಎಳೆಯಲ್ಲ ಅಂದರು. ಕೊಳಕು ಕೈ ಅಂತ ಅಷ್ಟು ವರ್ಷ ಬೈಸಿಕೊಂಡವಳು ಬರೋದಿಲ್ಲ ಅಂದಾಗ, ಮೇಲುಜಾತಿಯವರು ಅವಳನ್ನು ಕರೆತರಲು ಹೋದದ್ದು ದೊಣ್ಣೆ ಹಿಡಿದು.