ಅಶೋಕನ ಜೀವರಕ್ಷಣಾ ಶಾಸನ

ಮೌರ್ಯ ಚಕ್ರವರ್ತಿ ಅಶೋಕನು ಪ್ರಜೆಗಳಿಗೆ ಕಟ್ಟಳೆ ವಿಧಿಸುವ ಮುನ್ನ ತನ್ನನ್ನೇ ಕಟ್ಟಳೆಗೆ ಒಳಪಡಿಸಿಕೊಂಡನು. ಪಟ್ಟಾಭಿಷೇಕದ 10 ವರ್ಷಗಳ ತರುವಾಯ ಅವನು ಬೇಟೆಯ ವಿಹಾರಯಾತ್ರೆಯನ್ನು ತೊರೆದು ಧರ್ಮಯಾತ್ರೆ ಕೈಗೊಂಡುದನ್ನು 8ನೆಯ ಬಂಡೆಶಾಸನ ತಿಳಿಸುತ್ತದೆ. ಅರಮನೆಯ ಅಡುಗೆಗೆ ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ ಬಲಿಯಾಗುತ್ತಿವೆ, ಮುಂದೆ ಅವೂ ಉಳಿಯುವವು ಎಂದು 1ನೆಯ ಬಂಡೆಶಾಸನದಲ್ಲಿ ಒಪ್ಪಿಕೊಂಡಿದ್ದಾನೆ.

26 ವರ್ಷಗಳ ಆಳ್ವಿಕೆಯ ಬಳಿಕ ಹೊರಟ 5ನೆಯ ಸ್ತಂಭಶಾಸನವು ಗಿಳಿ, ಹಂಸ, ಬಾವಲಿ, ಆಮೆ, ಮುಳ್ಳುಹಂದಿ, ಅಳಿಲು ಮೊದಲಾದವನ್ನು ಅವಧ್ಯವೆಂದು ಸಾರಿತು. ಗಬ್ಬದ ಹಾಗೂ ಹಾಲೂಡುವ ಆಡು, ಕುರಿ, ಹಂದಿಗಳಿಗೂ ಆರು ತಿಂಗಳೊಳಗಿನ ಅವುಗಳ ಮರಿಗಳಿಗೂ ಅಭಯ ದೊರೆಯಿತು. ನಿಷ್ಕಾರಣವಾಗಿ ಅಥವಾ ಜೀವಹಿಂಸೆಗಾಗಿ ಕಾಡಿಗೆ ಬೆಂಕಿಯಿಡುವುದು, ಜೀವಿಗಳಿರುವ ಹೊಟ್ಟನ್ನು ಸುಡುವುದು ನಿಷಿದ್ಧವಾದುವು. ಗೊತ್ತಾದ ಪರ್ವದಿನಗಳಲ್ಲಿ ಆನೆಕಾಡುಗಳಲ್ಲಿಯೂ ಮೀನುಗಾರರ ನೆಲೆಗಳಲ್ಲಿಯೂ ಕೊಲೆ ಸಲ್ಲದಾಯಿತು.

ಈ ಶಾಸನ ಹಿಂಸೆಯನ್ನು ಪೂರ್ಣವಾಗಿ ಅಳಿಸಲಿಲ್ಲ. ಜೀವಿಯ ಜಾತಿ, ವಯಸ್ಸು, ದಿನ, ನೆಲೆಗಳನ್ನು ನೋಡಿ ಅದಕ್ಕೆ ಎಲ್ಲೆ ಹಾಕಿತು. ಆ ಎಲ್ಲೆಯ ಬಲವೆಷ್ಟೆಂಬುದೂ ಅರಸನಿಗೆ ತಿಳಿದಿತ್ತು. ಮರುವರ್ಷದ 7ನೆಯ ಸ್ತಂಭಶಾಸನದಲ್ಲಿ ಇದೇ ಪ್ರಾಣಿರಕ್ಷಣೆಯ ಕಟ್ಟಳೆಯನ್ನು ನಿದರ್ಶನವಾಗಿ ಎತ್ತಿಕೊಂಡು, ಕಟ್ಟಳೆಯಿಂದ ಆಗುವುದು ಅಲ್ಪ, ಮನವೊಲಿಕೆಯಿಂದ ಆಗುವುದೇ ಅಧಿಕ ಎಂದು ಅವನೇ ಹೇಳಿದ್ದಾನೆ. ವನ್ಯಜೀವಿಗಳಿಗಾಗಿ ಕಾನೂನು ರಚಿಸುವ ಎಲ್ಲ ಕಾಲದವರೂ ನೆನೆಯಬೇಕಾದ ಮಾತಿದು.