ಮಾಲ್ಗುಡಿಗೆ ರಾಗ ಕೊಟ್ಟವರು

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿ ಇಳಿಯದೆ ಕಳಸ, ಶೃಂಗೇರಿಯ ದಾರಿ ಹಿಡಿದವರಿಗೆ ಮುಂದೆ ಆಗುಂಬೆ ಸಿಗುತ್ತದೆ. ಶಂಕರ್‌ನಾಗ್ ತಂಡ ಕಟ್ಟಿಕೊಂಡು ಬಂದು ಆರ್.ಕೆ. ನಾರಾಯಣ್ ಅವರ ಮಾಲ್ಗುಡಿಯನ್ನು ಕಂಡದ್ದು ಈ ಮಳೆಯೂರಿನಲ್ಲೇ. 1986ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ನ ಶೀರ್ಷಿಕೆ ರಾಗ ಹೊರದೇಶದಲ್ಲಿ ಬೆಳೆದ ನಿಮ್ಮ ಮಕ್ಕಳಿಗೂ ಗೊತ್ತಿದ್ದೀತು. ಅದನ್ನು ಸಂಯೋಜಿಸಿದ ಎಲ್. ವೈದ್ಯನಾಥನ್ ಅವರ ಹೆಸರು ಮಾತ್ರ ದೊಡ್ಡವರಿಗೂ ಥಟ್ಟನೆ ಹೊಳೆಯುವುದಿಲ್ಲ. ಇದು ನನಗೆ ಬಹಳ ದಿನದಿಂದ ಇರುವ ಕೊರಗು.

1942ರಲ್ಲಿ ಹುಟ್ಟಿದ ವೈದ್ಯನಾಥನ್ ಪಿಟೀಲು ಮನೆತನದವರು. ತಂದೆ ವಿ. ಲಕ್ಷ್ಮೀನಾರಾಯಣ ಅವರೇ ಗುರು. ತಮ್ಮಂದಿರಾದ ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಜೊತೆ ಮೂರು ಪಿಟೀಲುಗಳ ಕಛೇರಿ ನಡೆಸಿದವರು. ತಮ್ಮಂದಿರು ಪಶ್ಚಿಮದ ವೇದಿಕೆಗಳಲ್ಲಿ ಹೆಸರಾದರೆ ಅಣ್ಣ ಮದರಾಸಿನ ಸ್ಟುಡಿಯೋಗಳಲ್ಲಿ ಉಳಿದು, ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದರು. ಕಾಶೀನಾಥ್ ನಿರ್ದೇಶನದ ‘ಅಪರಿಚಿತ’ (1978) ಚಿತ್ರದಲ್ಲಿ ವಾಣಿ ಜಯರಾಂ ಹಾಡಿದ ‘ಸವಿನೆನಪುಗಳು ಬೇಕು’ ಅವರದೇ ಸಂಗೀತ.

ಮಾಲ್ಗುಡಿಯ ರಾಗಕ್ಕೆ ಬರೋಣ. ಪರದೆಯ ಮೇಲೆ ಆರ್.ಕೆ. ಲಕ್ಷ್ಮಣ್ ಅವರ ಗೆರೆಚಿತ್ರಗಳು ಒಂದೊಂದಾಗಿ ಮೂಡುತ್ತವೆ. ಹಿಂದೆ ಸಾಹಿತ್ಯವೇ ಇಲ್ಲದ ಒಂದು ಗುನುಗು. ಶಾಲೆ ಬಿಟ್ಟ ಹುಡುಗ ದಾರಿಯುದ್ದಕ್ಕೂ ತನ್ನ ಪಾಡಿಗೆ ಹಾಡಿಕೊಂಡಂತೆ ಅದು ಸಾಗುತ್ತದೆ. ಕಛೇರಿಯ ಪಾಂಡಿತ್ಯ ಕೈಯಲ್ಲಿದ್ದವರು ಅದನ್ನು ತೋರಿಸುವ ಆಸೆಗೆ ಬೀಳದೆ ಇಷ್ಟು ಸರಳವಾಗಿ ನಿಲ್ಲಿಸಿದ್ದೇ ದೊಡ್ಡ ವಿದ್ವತ್ತು ಎಂದು ನನ್ನ ನಂಬಿಕೆ. ಧಾರಾವಾಹಿ ಬಂದದ್ದು ಇಂಗ್ಲಿಷ್, ಹಿಂದಿಗಳಲ್ಲಿ. ಆದರೂ ಮಾಸ್ಟರ್ ಮಂಜುನಾಥ್‌ನ ಸ್ವಾಮಿಯನ್ನು ಕನ್ನಡದ ಮನೆಗಳು ತಮ್ಮ ಹುಡುಗನೆಂದೇ ಒಪ್ಪಿಕೊಂಡವು. ಮಾತು ತಿಳಿಯದ ಅಜ್ಜಿಯಂದಿರಿಗೂ ಆ ಗುನುಗು ತಿಳಿಯುತ್ತಿತ್ತು.

ಮರುವರ್ಷವೇ ಬಂತು ‘ಪುಷ್ಪಕ ವಿಮಾನ’. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿ, ಶೃಂಗಾರ್ ನಾಗರಾಜ್ ನಿರ್ಮಿಸಿದ ಆ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ. ಪಾತ್ರಗಳು ಆಡದ ಮಾತಿನ ಭಾರವನ್ನು ಹೊತ್ತದ್ದರಲ್ಲಿ ವೈದ್ಯನಾಥನ್ ಅವರ ಹಿನ್ನೆಲೆ ಸಂಗೀತದ ಪಾಲು ದೊಡ್ಡದು. ಮಕ್ಕಳೊಂದಿಗೆ ಕೂತು ನೋಡಿ, ಅನುವಾದದ ಗೊಡವೆಯಿಲ್ಲ.

2007ರ ಮೇ 19ರಂದು ಅವರು ಚೆನ್ನೈನಲ್ಲಿ ತೀರಿಕೊಂಡರು. ಧಾರಾವಾಹಿಯ ರೈಲು ದೃಶ್ಯಗಳು ಚಿತ್ರೀಕರಣಗೊಂಡ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಇದೆ. ಊರಿಗೆ ಬಂದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ; ಶಂಕರ್‌ನಾಗ್ ಹೆಸರು ಹೇಳುವಾಗ ವೈದ್ಯನಾಥನ್ ಹೆಸರನ್ನೂ ಹೇಳಿ.